ಅತ್ತೆಯ ತೂಕದ ಅಕ್ಕಿ ಚೀಲ

ನಮ್ಮ ಮನೆಯವರು ತಮ್ಮ ಫ್ಯಾಕ್ಟರಿಯ ನಡಿಗೆ ಸ್ಪರ್ಧೆಯಲ್ಲಿ ಮೊದಲನೆಯವರಾಗಿ ಬಂದ ದಿನ ಸೋಫಾ ಬಿಟ್ಟು ಎದ್ದದ್ದು ಎರಡೇ ಸಲ. ಒಮ್ಮೆ ಊಟಕ್ಕೆ, ಇನ್ನೊಮ್ಮೆ ರಿಮೋಟ್ ಹುಡುಕುವುದಕ್ಕೆ. ನಂಬುವುದಿಲ್ಲವೆ? ಆ ಗೆಲುವಿನಲ್ಲಿ ನನ್ನದೂ ಪಾಲಿದೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಅವರಿಗೆ ಐವತ್ತೊಂದು ವರ್ಷ. ಅತ್ತಿಬೆಲೆಯ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಮ್ಯಾನೇಜರು. ಬೋಲ್ಟುಗಳಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೂ ಹುಡುಕುವುದು ಅವರ ಕೆಲಸ. ಮನೆಯಲ್ಲಿ ಬೋಲ್ಟುಗಳಿಲ್ಲದ್ದರಿಂದ ಚಟ್ನಿಯಲ್ಲಿ ಹುಡುಕುತ್ತಾರೆ. ಅವರ ಹೊಟ್ಟೆ ಮಾತ್ರ ಯಾವ ತಪಾಸಣೆಯ ಕಾಟವೂ ಇಲ್ಲದೆ ಇಪ್ಪತ್ತು ವರ್ಷ ಸುಖವಾಗಿ ಬೆಳೆದಿತ್ತು.

ಆ ಸುಖ ಮುಗಿದದ್ದು ಹೋದ ಶ್ರಾವಣದಲ್ಲಿ. ಒಂದು ಸೋಮವಾರ ಪೂಜೆ ಮುಗಿಸಿ ಏಳುವಾಗ ಅತ್ತೆಗೆ ತಲೆ ಸುತ್ತಿತು. ಹೆಬ್ಬಗೋಡಿಯ ನಮ್ಮ ಮನೆ ಇರುವುದು ನಾಲ್ಕನೇ ಮಹಡಿಯಲ್ಲಿ. ಅವತ್ತೇ ಲಿಫ್ಟು ಕೆಟ್ಟಿತ್ತು. ಇವರು ಯಾರನ್ನೂ ಕರೆಯಲು ಬಿಡದೆ ತಾಯಿಯನ್ನು ಬೆನ್ನಿಗೇರಿಸಿಕೊಂಡು ಹೊರಟರು. ಮೂರನೇ ಮಹಡಿಯ ಮೆಟ್ಟಿಲಲ್ಲಿ ಕೂತೇಬಿಟ್ಟರು! ತಲೆ ಸುತ್ತಿದ್ದ ಅತ್ತೆಯೇ ಸೆರಗಿನಿಂದ ಮಗನಿಗೆ ಗಾಳಿ ಬೀಸಬೇಕಾಯಿತು. ಕೊನೆಗೆ ಸೆಕ್ಯೂರಿಟಿಯವರಿಬ್ಬರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಅತ್ತೆಯನ್ನು ಕೂರಿಸಿ ಇಳಿಸಿದರು. ಡಾಕ್ಟರು ಇಬ್ಬರ ಬಿಪಿಯನ್ನೂ ನೋಡಿ, ಅಜ್ಜಿಗೆ ಏನಿಲ್ಲ, ಉಪವಾಸ ಬಿಟ್ಟು ಹೊತ್ತಿಗೆ ಸರಿಯಾಗಿ ತಿಂದರೆ ಸಾಕು, ನಿಮ್ಮದೇ ಸ್ವಲ್ಪ ಜಾಸ್ತಿ ಇದೆ ಸಾರ್, ಎಂದರು.

ಅವತ್ತು ಸಂಜೆ ಇವರು ಹೊಸ ತೂಕದ ಯಂತ್ರ ತಂದು ಮೊದಲು ತಾಯಿಯನ್ನು ನಿಲ್ಲಿಸಿದರು. ನಲವತ್ತಾರು ಕೆಜಿ. ಮುಂದಿನ ಶ್ರಾವಣದೊಳಗೆ ನಲವತ್ತಾರು ಕೆಜಿ ಹೊತ್ತು, ನಾಲ್ಕು ಮಹಡಿ, ಎಲ್ಲೂ ನಿಲ್ಲದೆ ಇಳಿಯಬೇಕು: ಇದೇ ಗುರಿ ಎಂದು ಘೋಷಿಸಿದರು.

"ನಾ ಮತ್ತ ಬೀಳೂದಿಲ್ಲೋ, ಸುಮ್ನಿರು," ಎಂದರು ಅತ್ತೆ. ಅವರು ಹಾವೇರಿಯ ಕಡೆಯವರು.

ಮರುದಿನವೇ ಫ್ರಿಜ್ಜಿನ ಮೇಲೆ ಫ್ಯಾಕ್ಟರಿಯ ಶೈಲಿಯ ಬಿಳಿ ಬೋರ್ಡು ಬಂತು. ಮೂರು ಕಾಲಮ್ಮು: ಟಾರ್ಗೆಟ್, ಆದದ್ದು, ಆಗದಿದ್ದರೆ ಕಾರಣ. ನಾನು ಓದಿದ್ದು ಕಾನ್ವೆಂಟಿನಲ್ಲಿ. ಕಾರಣ ಹೇಳುವ ಕಲೆಯಲ್ಲಿ ನಮ್ಮ ಕ್ಲಾಸಿನ ಹುಡುಗಿಯರನ್ನು ಮೀರಿಸುವವರಿಲ್ಲ ಅಂದುಕೊಂಡಿದ್ದೆ. ಇವರನ್ನು ನೋಡಿದ ಮೇಲೆ ಆ ಹೆಮ್ಮೆ ಇಳಿಯಿತು. ಟಾರ್ಗೆಟ್ಟು ದಿನಾ ವಾಕಿಂಗು, ಮಿತ ಊಟ; ಆಗದ್ದಕ್ಕೆ ಕಾರಣಗಳು: ಸೋಮವಾರ, ಮಳೆ. ಮಂಗಳವಾರ, ಮಳೆ ಬರಬಹುದು. ಬುಧವಾರ, ಹೋಳಿಗೆ. ಗುರುವಾರ, ನಿನ್ನೆಯ ಹೋಳಿಗೆ!

ಆದರೆ ಒಂದು ವಿಷಯದಲ್ಲಿ ಮಾತ್ರ ತಪ್ಪಿಸಲಿಲ್ಲ. ಪ್ರವಾಸದ ಹಳೆಯ ದೊಡ್ಡ ಬ್ಯಾಗಿಗೆ ಹತ್ತು ಕೆಜಿ ಅಕ್ಕಿ ತುಂಬಿ, ಬೆನ್ನಿಗೆ ಕಟ್ಟಿಕೊಂಡು ದಿನಾ ಬೆಳಗ್ಗೆ ಮೆಟ್ಟಿಲು ಹತ್ತಿ ಇಳಿಯುವುದು. ಪ್ರತಿ ತಿಂಗಳೂ ಚೀಲಕ್ಕೆ ಮೂರು ನಾಲ್ಕು ಕೆಜಿ ಸೇರಿಸುವುದು. ಬ್ಯಾಗಿನ ಹೊಲಿಗೆ ಸ್ವಲ್ಪ ಬಿಟ್ಟಿತ್ತು. ಮೆಟ್ಟಿಲ ಉದ್ದಕ್ಕೂ ಅಕ್ಕಿಕಾಳು, ಹಿಂದೆ ಪಾರಿವಾಳಗಳ ಮೆರವಣಿಗೆ. ಒಂದು ಭಾನುವಾರ ಕೆಳಮನೆಯ ಆಂಟಿ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಸಾರ್ ದಿನಾ ಅಕ್ಕಿ ಹೊತ್ತು ಓಡಾಡ್ತಾರಲ್ಲ, ಯಾವುದಾದರೂ ಹರಕೆಯೇ, ನಮ್ಮ ಮನೆಗೂ ಕೊಡ್ತೀರಾ ಎಂದು ಭಕ್ತಿಯಿಂದ ಕೇಳಿದರು. ಇವರು ಚೀಲದಿಂದಲೇ ಒಂದು ಪಾವು ಅಳೆದು ಕೊಟ್ಟು, ತೂಕ ಇಳಿದದ್ದಕ್ಕೆ ಬೋರ್ಡಿನಲ್ಲಿ ಕಾರಣ ಬರೆದರು: ಪ್ರಸಾದ.

ಈಗ ಆ ನಡಿಗೆ ಸ್ಪರ್ಧೆ. ಫ್ಯಾಕ್ಟರಿಯವರು ಎಲ್ಲರ ಮುಂಗೈಗೂ ಹೆಜ್ಜೆ ಎಣಿಸುವ ವಾಚು ಕಟ್ಟಿಸಿದ್ದರು. ಅವತ್ತು ರಜೆ, ಬೆಳಗಿನ ಮೆಟ್ಟಿಲು ಮುಗಿಸಿ ಸೋಫಾ ಸೇರಿದ ಇವರಿಗೆ ಮೊಣಕಾಲು ನೋವು. ವಾಚು ಸುಮ್ಮನೆ ಕೂರಬಾರದು ಎಂದು ನನ್ನ ಕೈಗೆ ಕಟ್ಟಿದರು. ನಾನೋ ಜೋಳದ ರೊಟ್ಟಿ ತಟ್ಟುತ್ತಿದ್ದೆ. ಮದುವೆಯಾಗಿ ಬಂದಾಗ ಬರುತ್ತಿರಲಿಲ್ಲ. ಅತ್ತೆ ನನ್ನ ಕೈಮೇಲೆ ಕೈಯಿಟ್ಟು ಕಲಿಸಿದ ವಿದ್ಯೆ. ಮನೆಗೆ ನೆಂಟರು ಬರುವವರಿದ್ದರು, ಮೂವತ್ತು ರೊಟ್ಟಿ. ಒಂದೊಂದು ತಟ್ಟಿಗೂ ವಾಚು ಒಂದೊಂದು ಹೆಜ್ಜೆ ಬರೆದುಕೊಂಡಿತು! ನಿಂತಲ್ಲಿಂದಲೇ ನಾನು ಅತ್ತಿಬೆಲೆ ದಾಟಿರಬೇಕು. ಸಂಜೆ ಸಹೋದ್ಯೋಗಿಯೊಬ್ಬರು ಫೋನು ಮಾಡಿ, "ಏನ್ ಗುರು, ಹೊಸೂರಿಗೆ ನಡ್ಕೊಂಡೇ ಹೋಗಿದ್ಯಾ?" ಎಂದರು. ಇವರು ಮೊಣಕಾಲಿಗೆ ಮುಲಾಮು ಹಚ್ಚಿಕೊಳ್ಳುತ್ತಾ, ನಡೆದರೆ ಕಷ್ಟ ಗೊತ್ತಾಗುತ್ತೆ ಎಂದು ಗಂಭೀರವಾಗಿ ಉತ್ತರಿಸಿದರು.

ಕ್ವಾಲಿಟಿಯವರಲ್ಲವೆ, ಹೊರಬೇಕಾದ ತೂಕವನ್ನೂ ಪ್ರತಿ ತಿಂಗಳು ಅಳೆಯುತ್ತಿದ್ದರು. ದೀಪಾವಳಿಗೆ ಅತ್ತೆ ನಲವತ್ತೈದು. ಸಂಕ್ರಾಂತಿಗೆ ನಲವತ್ನಾಲ್ಕು. ಯುಗಾದಿಗೆ ನಲವತ್ತೆರಡೂವರೆ. ಯಂತ್ರ ಸುಳ್ಳು ಹೇಳುತ್ತಿದೆ ಎಂದು ಇವರಿಗೆ ಅನುಮಾನ. ಅಂಗಡಿಯಿಂದ ಆಗಷ್ಟೇ ಬಂದಿದ್ದ, ಹೊಲಿಗೆ ಬಿಚ್ಚದ ಇಪ್ಪತ್ತೈದು ಕೆಜಿ ಅಕ್ಕಿ ಮೂಟೆಯನ್ನು ಅದರ ಮೇಲಿಟ್ಟು ನೋಡಿದರು. ಸರಿಯಾಗಿ ಇಪ್ಪತ್ತೈದು.

ಯಂತ್ರದ್ದಲ್ಲ ತಪ್ಪು ಅಂತ ನನಗೆ ಗೊತ್ತಿತ್ತು. ರೊಟ್ಟಿ ಬಡಿಸುವವಳು ನಾನು. ಅತ್ತೆಯ ತಟ್ಟೆಗೆ ಎಂದಿನಂತೆ ಎರಡು ಹಾಕುತ್ತಿದ್ದೆ. ಕೆಲವು ತಿಂಗಳಿಂದ ಅಡುಗೆಮನೆಯ ಕಿಟಕಿಯ ಹೊರಗೆ ಪಾರಿವಾಳಗಳು ಊಟದ ಹೊತ್ತಿಗೇ ಬಂದು ಕಾಯುತ್ತಿದ್ದವು. ಅತ್ತೆಯ ಸೆರಗಿನ ತುದಿಯಲ್ಲಿ ಜೋಳದ ಪುಡಿ ಇರುತ್ತಿತ್ತು.

ಒಂದು ಮಧ್ಯಾಹ್ನ ಕೇಳಿಯೇಬಿಟ್ಟೆ. ಅತ್ತೆ ಸಿಕ್ಕಿಬಿದ್ದ ಮಗುವಿನ ಹಾಗೆ ಸೆರಗು ಕೊಡವಿದರು.

"ಅವನ ಸೊಂಟ ನೋಡೀಯೇನವ್ವ? ದಿನಾ ಆ ಚೀಲ ಹೊತ್ತು ಹೊತ್ತು ಬಗ್ಗೇತಿ. ಅವ ಅಂತೂ ಬಿಡೂದಿಲ್ಲ. ನಾನರ ಒಂದೀಟು ಹಗುರ ಆಗಬೇಕಲ್ಲ?" ಎಂದರು. ಅವನಿಗೆ ಹೇಳಬೇಡ ಎಂದು ನನ್ನ ಕೈ ಹಿಡಿದುಕೊಂಡರು.

ಹೇಳುವುದಿಲ್ಲ ಎಂದೆ. ಆದರೆ ಡಾಕ್ಟರು ಹೇಳಿದ್ದು ನೆನಪಿತ್ತು. ಸುಳ್ಳು ಹೇಳಿದರೆ ಕಿವಿ ಕೆಂಪಾಗುವ ರೋಗ ನನಗೆ ಕಾನ್ವೆಂಟಿನ ಸಿಸ್ಟರುಗಳ ಕಾಲದಿಂದಲೂ ಇದೆ. ಸಂಜೆ ಇವರು ನನ್ನ ಕಿವಿ ನೋಡಿದರು. ಹೇಳಿಬಿಟ್ಟೆ.

ಇವರು ಬೋರ್ಡಿನಲ್ಲಿ ಬರೆದಿದ್ದ ಕಾರಣಗಳನ್ನೆಲ್ಲ ಮೊದಲಿನಿಂದ ಓದಿದರು. ಊಟದ ಹೊತ್ತಿಗೆ, ವರ್ಷಗಳಿಂದ ನೆಲಕ್ಕೆ ಕೂರದಿದ್ದವರು ಮೊಣಕಾಲು ಲಟಲಟ ಎನ್ನಿಸುತ್ತಾ ತಾಯಿಯ ಪಕ್ಕ ಚಾಪೆಯ ಮೇಲೆ ಕೂತರು. ಎರಡನೇ ರೊಟ್ಟಿಯನ್ನು ತಾವೇ ಮುರಿದು, ಬೆಣ್ಣೆ ಹಚ್ಚಿ, ಅವರ ತಟ್ಟೆಗಿಟ್ಟರು.

"ನೀ ಭಾರಾದೆ ಅಂತ ಆಮ್ಯಾಲೆ ಅನಬ್ಯಾಡ ಮತ್ತ," ಎಂದರು ಅತ್ತೆ, ನನ್ನ ಕಡೆ ಒಮ್ಮೆ ಕಣ್ಣು ಬಿಟ್ಟು.

"ಭಾರಾಗು ಅವ್ವ," ಎಂದರು ಇವರು. "ನಾ ಹೊರತೀನಿ."

ಮರುದಿನ ಬೋರ್ಡಿನಲ್ಲಿ ಹಳೆಯದನ್ನೆಲ್ಲ ಅಳಿಸಿದ್ದರು. ಟಾರ್ಗೆಟ್ಟಿನ ಕೆಳಗೆ, ಅವ್ವನ ರೊಟ್ಟಿ ಎರಡು ಎಂದಿತ್ತು. ಕಾರಣದ ಕಾಲಮ್ಮಿಗೆ ಅಡ್ಡಗೆರೆ ಎಳೆದಿದ್ದರು.

ಈ ತಿಂಗಳು ಅತ್ತೆಯನ್ನು ಮತ್ತೆ ತೂಗಿದೆವು. ನಲವತ್ಮೂರು. ಅರ್ಧ ಕೆಜಿ ಏರಿದ್ದಾರೆ. ಇವರು ಅಡುಗೆಮನೆಗೆ ಬಂದು, ಡಬ್ಬದಿಂದ ಅರ್ಧ ಕೆಜಿ ಅಕ್ಕಿಯನ್ನು ಒಂದು ಕಾಳೂ ಚೆಲ್ಲದಂತೆ ಅಳೆದು ತಮ್ಮ ಬ್ಯಾಗಿಗೆ ಸೇರಿಸಿದರು. ಆಮೇಲೆ ಅದನ್ನು ಬೆನ್ನಿಗೇರಿಸಿಕೊಂಡು, ಗೋಡೆ ಹಿಡಿದು, ನಿಧಾನವಾಗಿ ಮೆಟ್ಟಿಲಿಳಿಯತೊಡಗಿದರು.