ಮಾವನ ಕಿವಿಗೆ ಡ್ರಿಲ್ ಬ್ಯಾಟರಿ

"ಇವತ್ತು ಮಧ್ಯಾಹ್ನದ ಊಟದೊಳಗೆ ನಿಮ್ಮಪ್ಪನಿಗೆ ಕಿವಿ ಕೇಳೋ ಹಾಗೆ ಮಾಡ್ತೀನಿ, ನೋಡ್ತಿರು" ಎಂದು ಬಡಗಿ ಭಾನುವಾರ ಬೆಳಗ್ಗೆ ಘೋಷಿಸಿಬಿಟ್ಟ. ಹೆಂಡತಿ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ.

"ಕಿವಿ ಡಾಕ್ಟರ ಕೈಲೇ ಆಗಲಿಲ್ಲ. ನೀವು ಬಾಗಿಲು ಕಿಟಕಿ ಮಾಡೋರು."

"ಕಿವೀನೂ ಒಂದು ಬಾಗಿಲೇ ಕಣೇ. ಕೀಲು ಬಿಗಿದಿದೆ, ಅಷ್ಟೆ."

ಮಾವ ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಹನ್ನೊಂದು ವರ್ಷದಿಂದ ಕಿವಿ ಮಂದವಾಗುತ್ತ ಬಂದು, ಈಗ ಊಟಕ್ಕೆ ಕರೆಯುವುದೆಂದರೆ ರೈಲ್ವೆ ನಿಲ್ದಾಣದಲ್ಲಿ ಪ್ರಕಟಣೆ ಹೊರಡಿಸಿದಂತೆ. ಡಾಕ್ಟರು ಕೊಟ್ಟ ಮೂರು ಪುಟ್ಟ ಯಂತ್ರಗಳು ಮೇಜಿನ ಡ್ರಾಯರಿನಲ್ಲಿ ಬಿದ್ದಿದ್ದವು. ಹಾಕಿಕೊಂಡರೆ ಕಿವಿಯೊಳಗೆ ಇರುವೆ ಹೊಕ್ಕಂತಾಗುತ್ತದೆ ಎಂಬುದು ಅವರ ದೂರು.

ಬಡಗಿ ಅಟ್ಟದಿಂದ ಹಳೆಯ ಟೇಪ್ ರೆಕಾರ್ಡರ್ ಇಳಿಸಿದ. ಮೈಕು, ಕಿವಿಯನ್ನು ಹೊರಗಿನಿಂದಲೇ ಮುಚ್ಚುವ ದಪ್ಪ ಹೆಡ್‌ಫೋನು ಎರಡೂ ಜೊತೆಗಿದ್ದವು. ರೆಕಾರ್ಡ್ ಗುಂಡಿ ಒತ್ತಿ ಕ್ಯಾಸೆಟ್ಟನ್ನು ತಡೆದು ನಿಲ್ಲಿಸಿದರೆ, ಮೈಕಿಗೆ ಬಿದ್ದದ್ದೆಲ್ಲ ದೊಡ್ಡದಾಗಿ ಕಿವಿಗೆ ಬರುತ್ತಿತ್ತು. ಆದರೆ ಅದಕ್ಕೆ ಆರು ದಪ್ಪ ಸೆಲ್ಲು ಬೇಕು, ಸೆಲ್ಲಿನ ಗೂಡನ್ನು ತುಕ್ಕು ತಿಂದು ತೇಗಿತ್ತು. ಬಡಗಿಯ ಕಣ್ಣು ತನ್ನ ಡ್ರಿಲ್ಲಿನ ಬ್ಯಾಟರಿಯ ಮೇಲೆ ಬಿತ್ತು. ಗಟ್ಟಿ ಮರವನ್ನೇ ಕೊರೆಯುವ ಈ ಮಹಾಶಯನಿಗೆ ಒಂದು ಟೇಪ್ ರೆಕಾರ್ಡರ್ ಯಾವ ಲೆಕ್ಕ?

ಬ್ಯಾಟರಿಯದು ಹದಿನೆಂಟು ವೋಲ್ಟು, ರೆಕಾರ್ಡರಿಗೆ ಬೇಕಾದದ್ದು ಒಂಬತ್ತು. ನಡುವೆ ವೋಲ್ಟು ಇಳಿಸುವ, ಬೆಂಕಿಪೊಟ್ಟಣದಷ್ಟು ದೊಡ್ಡ ಬೋರ್ಡು ಕೂರಿಸಿದ. ಕೆಟ್ಟುಹೋದ ಇನ್ನೊಂದು ಡ್ರಿಲ್ಲಿನ ಹಿಡಿಯ ತಳವನ್ನು ಕೊಯ್ದು ಬ್ಯಾಟರಿಗೆ ಪೀಠ ಮಾಡಿದ. ಮೀಟರು ಹಿಡಿದು ಸರಿಯಾಗಿ ಒಂಬತ್ತು ಬರುವುದನ್ನು ಎರಡು ಸಲ ನೋಡಿ, ಎಲ್ಲವನ್ನೂ ಹೆಗಲಚೀಲಕ್ಕೆ ಇಳಿಸಿದ.

"ರೀ, ಅದು ಡ್ರಿಲ್ ಬ್ಯಾಟರಿ. ಅಪ್ಪನಿಗೆ ತಲೆಗಿಲೆ ತಿರುಗಿದ್ರೆ?"

"ತಲೆ ತಿರುಗೋದು ಡ್ರಿಲ್ಲಿಗೆ. ಇದರಲ್ಲಿ ಬರೀ ಶಬ್ದ ಬರುತ್ತೆ."

ಮಾವನಿಗೆ ಹೆಡ್‌ಫೋನು ತೊಡಿಸಿ ಶಬ್ದವನ್ನು ಸ್ವಲ್ಪಸ್ವಲ್ಪವೇ ಏರಿಸಿದ. ಮಾವ ಥಟ್ಟನೆ ಕೈ ಎತ್ತಿದರು. ಗಂಡಹೆಂಡಿರಿಬ್ಬರೂ ಹತ್ತಿರಕ್ಕೆ ಬಾಗಿದರು.

"ಗಡಿಯಾರ" ಎಂದರು ಮಾವ. ಎದ್ದು, ಗೋಡೆಯ ಲೋಲಕದ ಗಡಿಯಾರದ ಮುಂದೆ ಮೈಕು ಹಿಡಿದು ನಿಂತರು. "ಕುಂಟ್ತಾ ಇದೆ. ಟಿಕ್ ಆದಮೇಲೆ ಟಾಕ್ ತಡವಾಗಿ ಬರ್ತಿದೆ. ಇದನ್ನ ಓರೆಯಾಗಿ ನೇತುಹಾಕಿದ್ದು ಯಾರು?"

ನೇತುಹಾಕಿದ್ದು ಬಡಗಿಯೇ. ಮಟ್ಟಗೋಲು ಇಟ್ಟು ಅಳೆದು ನೇತುಹಾಕಿದ್ದ. ಮಾವ ಗಡಿಯಾರದ ತಳವನ್ನು ಒಂದು ಕೂದಲೆಳೆ ಎಡಕ್ಕೆ ಸರಿಸಿದರು, ಆಲಿಸಿದರು, ಇನ್ನರ್ಧ ಎಳೆ ಸರಿಸಿದರು. ಆಗ ಬಡಗಿಗೂ ಕೇಳಿಸಿತು. ಗಡಿಯಾರ ನೆಟ್ಟಗೆ ನಡೆಯತೊಡಗಿತ್ತು. ಅದು ಇಷ್ಟು ವರ್ಷ ಕುಂಟುತ್ತಿದ್ದದ್ದು ಚೆನ್ನಾಗಿ ಕಿವಿ ಕೇಳುವ ತನಗೆ ಗೊತ್ತೇ ಆಗಿರಲಿಲ್ಲವಲ್ಲ ಎಂದು ಅವನು ಬೆರಗಾಗಿ ನಿಂತ.

ಮಾವ ಮನೆಯನ್ನೆಲ್ಲ ಹೊಸದಾಗಿ ನೋಡಲು ಹೊರಟರು, ಕಿವಿಯಿಂದ. ನಲ್ಲಿಯ ಹನಿ, ಕುದಿಯುವ ನೀರು, ಕಿಟಕಿಯ ಗಾಜಿಗೆ ಡಿಕ್ಕಿ ಹೊಡೆಯುವ ನೊಣ, ಒಂದೊಂದರ ಮುಂದೆಯೂ ಮೈಕು ಹಿಡಿದು ನಿಂತರು. ಬಡಗಿ ಅಡುಗೆಮನೆಗೆ ಹೋಗಿ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ:

"ಇನ್ಮೇಲೆ ಹಾಗೆಲ್ಲ ಮಾತಾಡೋ ಹಾಗಿಲ್ಲ ಕಣೇ."

"ಹೇಗೆಲ್ಲ, ಅಳಿಯಂದಿರೇ?" ಎಂದು ಹಜಾರದಿಂದ ಕೇಳಿಬಂತು.

ಹನ್ನೊಂದು ವರ್ಷದಿಂದ ಮಾವನ ಎದುರಿಗೇ ನಿಂತು ನಿಶ್ಚಿಂತೆಯಿಂದ ಗೊಣಗಿದ್ದೆಲ್ಲ ಬಡಗಿಯ ಕಣ್ಣಮುಂದೆ ಮೆರವಣಿಗೆ ಹೊರಟಿತು. ಅರ್ಧ ಗಂಟೆ ಬಂದರೆ ಹೆಚ್ಚು ಎಂದುಕೊಂಡಿದ್ದ ಬ್ಯಾಟರಿ ಸಂಜೆಯಾದರೂ ಜಗ್ಗಲಿಲ್ಲ. ಚಾರ್ಜು ಎಷ್ಟಿದೆಯೆಂದು ತೋರಿಸುವ ಅದರ ಮೂರು ದೀಪಗಳಲ್ಲಿ ಒಂದೂ ಆರಿರಲಿಲ್ಲ. ಆ ದಿನ ಬಡಗಿ ಬಾಯಿ ಬಿಟ್ಟದ್ದು ಊಟಕ್ಕೆ ಮಾತ್ರ.

ಸೋಮವಾರ ಅವನು ಇನ್ನೊಂದು ಬ್ಯಾಟರಿ ಹಾಕಿಕೊಂಡು ಕೆಲಸಕ್ಕೆ ಹೋದ. ಎರಡು ಬೀದಿಯಾಚೆ, ನಿವೃತ್ತ ಶಿಕ್ಷಕಿಯೊಬ್ಬರ ಮನೆಯ ಮುಂಬಾಗಿಲಿಗೆ ಹೊಸ ಕೀಲು ಹಾಕುವುದಿತ್ತು. ಮೇಲಿನ ಕೀಲಿಗೆ ಎರಡು ಸ್ಕ್ರೂ ಹೋಗುವಷ್ಟರಲ್ಲಿ ಡ್ರಿಲ್ಲು ಒಂದು ನಿಟ್ಟುಸಿರು ಬಿಟ್ಟು ನಿಂತೇಹೋಯಿತು. ಹಿಂದಿನ ದಿನದ ಸಡಗರದಲ್ಲಿ ಈ ಬ್ಯಾಟರಿಯನ್ನು ಚಾರ್ಜಿಗೆ ಹಾಕುವುದೇ ಮರೆತುಹೋಗಿತ್ತು.

"ಮೇಡಂ, ಬಾಗಿಲು ಹೀಗೇ ಒತ್ತಿ ಹಿಡ್ಕೊಂಡಿರಿ, ಬ್ಯಾಟರಿ ತಂದುಬಿಡ್ತೀನಿ."

"ಬೇಗ ಬನ್ನಿ. ಒಲೆ ಮೇಲೆ ಹಾಲಿಟ್ಟಿದ್ದೀನಿ."

ಬಡಗಿ ಓಡುತ್ತ ಮನೆಗೆ ಬಂದ. ಮಾವ ಒಳಕೋಣೆಯ ಬಾಗಿಲ ಪಕ್ಕ ಸ್ಟೂಲು ಹಾಕಿಕೊಂಡು, ಮೈಕನ್ನು ಬಾಗಿಲ ಸಂದಿಗೆ ಹಿಡಿದು ಕೂತಿದ್ದರು. ಒಳಗೆ ಮಗಳ ಹೊಲಿಗೆ ಯಂತ್ರ ಓಡುತ್ತಿತ್ತು. ಬಡಗಿ ಬ್ಯಾಟರಿಗೆಂದು ಕೈ ಚಾಚಿ ಬಾಯಿ ತೆರೆಯುವಷ್ಟರಲ್ಲಿ ಮಾವ ತುಟಿಯ ಮೇಲೆ ಬೆರಳಿಟ್ಟರು.

"ಹಾಡ್ತಿದ್ದಾಳೆ" ಎಂದು ಉಸುರಿದರು. "ಈಗ ಮೂರನೇ ಸಾಲು ಬರುತ್ತೆ, ಕೇಳಿ. ಚಿಕ್ಕವಳಿದ್ದಾಗಲೂ ಅದೊಂದು ಸಾಲು ಬಾಯಿಗೆ ಬರ್ತಿರಲಿಲ್ಲ. ಹ್ಞೂಂ ಹ್ಞೂಂ ಅಂತ ದಾಟಿಸಿಬಿಡೋಳು."

ಬಡಗಿ ಕಿವಿಗೊಟ್ಟ. ಯಂತ್ರದ ಸದ್ದಿನ ಅಡಿಯಲ್ಲಿ, ಇದೆಯೋ ಇಲ್ಲವೋ ಎಂಬಂತೆ ಒಂದು ರಾಗ ಹರಿಯುತ್ತಿತ್ತು. ಮೂರನೇ ಸಾಲಿಗೆ ಬಂದದ್ದೇ ಅದು ಹ್ಞೂಂ ಹ್ಞೂಂ ಎಂದು ದಾಟಿಕೊಂಡಿತು. ಮಾವನ ಮುಖ ಅರಳಿತು. ಹೊಲಿಯುವಾಗ ಹೆಂಡತಿ ಹಾಡಿಕೊಳ್ಳುತ್ತಾಳೆಂಬುದೇ ಬಡಗಿಗೆ ಗೊತ್ತಿರಲಿಲ್ಲ. ಚಾಚಿದ ಕೈ ತಾನಾಗಿಯೇ ಕೆಳಗಿಳಿಯಿತು. ಅವನು ಹಿಂಗೋಡೆಯ ಗೂಡಿನಿಂದ ಕೈಯಲ್ಲಿ ತಿರುಗಿಸುವ ಸ್ಕ್ರೂಡ್ರೈವರು ತೆಗೆದುಕೊಂಡು, ಚಪ್ಪಲಿಯನ್ನು ಕೈಯಲ್ಲೇ ಹಿಡಿದು, ಸದ್ದಾಗದಂತೆ ಹೊರಗೆ ಬಂದ.

ಶಿಕ್ಷಕಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತೇ ಇದ್ದರು. ಒಳಗಿನಿಂದ ಹಾಲು ಸೀದ ವಾಸನೆ ಬರುತ್ತಿತ್ತು. ಬಡಗಿ ಒಂದೊಂದೇ ಸ್ಕ್ರೂ ತಿರುಗಿಸತೊಡಗಿದ. ಏಳನೆಯದಕ್ಕೆ ಅಂಗೈಯಲ್ಲಿ ಬೊಬ್ಬೆ ಎದ್ದಿತು.

"ಬ್ಯಾಟರಿ ತರ್ತೀನಿ ಅಂತ ಹೋದ್ರಲ್ಲ, ಏನಾಯ್ತು?" ಎಂದರು ಶಿಕ್ಷಕಿ.

"ಅದಕ್ಕೆ ಇದಕ್ಕಿಂತ ಒಳ್ಳೇ ಕೆಲಸ ಸಿಕ್ಕಿದೆ ಮೇಡಂ" ಎಂದ ಬಡಗಿ, ಎಂಟನೆಯದಕ್ಕೆ ಕೈ ಹಾಕುತ್ತ.