ಎರಡು ಸಾವಿರದ ಟೇಲರ್

ಅಫಜಲಪುರದ ಹಳೇ ಬಜಾರಿನಲ್ಲಿ ಗುರಣ್ಣನನ್ನು ಟೇಲರ್ ಎಂದು ಕರೆಯದವರಿಲ್ಲ. ಕೊರಳಲ್ಲಿ ಅಳತೆಯ ಟೇಪು, ಕಿವಿಯ ಮೇಲೆ ಪೆನ್ಸಿಲ್ಲು, ಬಾಯಲ್ಲಿ ಎಲೆಯಡಿಕೆ, ಎದುರಿಗೆ ಚಹಾ. (ಎಲೆಯಡಿಕೆ, ಚಹಾ ಎರಡೂ ಒಟ್ಟಿಗೆ ಹೇಗೆ ಎಂದು ಕೇಳಬೇಡಿ, ಅದು ಅವನ ಕಸುಬಿನ ಗುಟ್ಟು.) ಗಿರಾಕಿಯ ಸೊಂಟ ಅಳೆಯುವುದು, ಹೊಟ್ಟೆ ಬೆಳೆದ ಸಂಗತಿಯನ್ನು ನಯವಾಗಿ ತಿಳಿಸುವುದು, "ಸೋಮವಾರ ಬರ್ರಿ" ಎಂದು ಸಾಗಹಾಕುವುದು, ಇವೆಲ್ಲ ಗುರಣ್ಣನ ಖಾತೆಗಳು. ಪರದೆಯ ಹಿಂದೆ ಕೂತು ಬಟ್ಟೆ ಹೊಲಿಯುವ ಚಿಲ್ಲರೆ ಕೆಲಸವೊಂದು ಉಳಿಯುತ್ತಿತ್ತಲ್ಲ, ಅದನ್ನು ಇಪ್ಪತ್ತೆರಡು ವರ್ಷಗಳಿಂದ ಹೆಂಡತಿ ಮಧುಮತಿ ಮಾಡುತ್ತಿದ್ದಳು. ಆಕೆ ಜೇವರ್ಗಿಯ ಹೆಸರಾಂತ ಟೇಲರನ ಮಗಳು. ಅಪ್ಪ ಮದುವೆಯಲ್ಲಿ ಮಗಳ ಜೊತೆ ಹೊಲಿಗೆ ಮಷಿನ್ನನ್ನೂ ಕಳಿಸಿಕೊಟ್ಟಿದ್ದ. ಗುರಣ್ಣ ಮಗಳ ಕೈ ಹಿಡಿದನೇ ಹೊರತು ಮಷಿನ್ನನ್ನು ಅವತ್ತಿನಿಂದ ಮುಟ್ಟಿರಲಿಲ್ಲ.

ಅಂಥ ಸುಖಸಂಸಾರದೊಳಗೆ ಕೊರೊನಾ ಬಂತು. ಎರಡನೇ ಸಲದ ಲಾಕ್‌ಡೌನಿನಲ್ಲಿ ಮದುವೆಗಳು ನಿಂತವು, ಶಾಲೆಗಳು ಬಾಗಿಲು ಹಾಕಿದವು. ಜಂಪರೂ ಇಲ್ಲ, ಯೂನಿಫಾರ್ಮೂ ಇಲ್ಲ. ಎರಡು ತಿಂಗಳು ಮನೆಯಲ್ಲಿ ಬೇಳೆ ತೆಳ್ಳಗಾಗುತ್ತ ಹೋಗಿ ಕೊನೆಗೆ ಬರೀ ಹಳದಿ ನೀರಾಯಿತು. ಆಗ ಬಂದದ್ದೇ ಆ ಸುದ್ದಿ: ಕೆಲಸ ನಿಂತುಹೋದ ಟೇಲರು, ಕ್ಷೌರಿಕ ಮೊದಲಾದ ಕಸುಬಿನವರಿಗೆ ಸರ್ಕಾರ ಎರಡು ಸಾವಿರ ರೂಪಾಯಿ ಕೊಡುತ್ತದಂತೆ. ಒಂದು ಮನೆಗೆ ಒಬ್ಬರಿಗೆ ಮಾತ್ರ.

"ಅರ್ಜಿ ನನ್ನ ಹೆಸರ್ಲೆ ಹಾಕ್ತೇನಿ," ಎಂದ ಗುರಣ್ಣ.

"ಯಾಕ್ರಿ? ಹೊಲಿಯಾಕಿ ನಾ ಇದ್ದೇನಲ್ಲ?"

"ಊರಾಗ ಟೇಲರ್ ಅಂತ ಯಾರಿಗೆ ಕರೀತಾರ ಬೇ?"

"ಓಣ್ಯಾಗಿನ ನಾಯಿಗಿ ಟೈಗರ್ ಅಂತ ಕರೀತಾರ. ಅದು ಹುಲಿ ಆತೇನ್ರಿ?"

ಗುರಣ್ಣನಿಗೆ ಈ ಮಾತು ಚುಚ್ಚಿತು. ಆದರೆ ಆ ಎರಡು ಸಾವಿರದಲ್ಲಿ ಅಂಗಡಿಯ ಮುಂದೆ ತಿರುಗುವ ಕುರ್ಚಿಯೊಂದನ್ನು ಹಾಕಿಕೊಂಡು ಗಿರಾಕಿಗಳ ಎದುರು ಗರಗರ ತಿರುಗಬೇಕೆಂಬುದು ಅವನ ಬಹುದಿನದ ಆಸೆ. ಮಧುಮತಿಗೋ, ತುಳಿದು ತುಳಿದು ಬಾತುಕೊಂಡ ಕಾಲಿಗೆ ಬಿಡುವು ಸಿಗಲೆಂದು ಮಷಿನ್ನಿಗೆ ಮೋಟರ್ ಹಾಕಿಸಬೇಕಿತ್ತು.

"ನಿನಗ ತಿಳಿಯಂಗಿಲ್ಲ," ಎಂದ ಗುರಣ್ಣ. "ಸರ್ಕಾರಿ ಕೆಲಸ ಅಂದ್ರ ಮಾತಾಡೂದು ಇರ್ತದ. ಅದು ನನ್ನ ಕಸುಬು."

ಮಧುಮತಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ಆಕೆಗೆ ಒಳಗೊಳಗೇ ನಗು ಬಂತು. "ಆಗ್ಲಿ ಬಿಡ್ರಿ. ಇವತ್ತಿಂದ ನೀವೇ ಟೇಲರ್. ನಾ ಮಷಿನ್ನಿಗಿ ಕೈ ಹಚ್ಚಂಗಿಲ್ಲ," ಅಂದಳು.

ಹೆಂಡತಿ ಇಷ್ಟು ಸುಲಭವಾಗಿ ಒಪ್ಪಿದಾಗ ಬುದ್ಧಿವಂತನಾದವನು ಹೆದರಬೇಕಿತ್ತು. ಗುರಣ್ಣ ಮೀಸೆ ತಿರುವಿಕೊಂಡು ಹೋಗಿ ಅರ್ಜಿ ಕೊಟ್ಟು ಬಂದ.

ಅರ್ಜಿದಾರನ ಕಸುಬು ನಿಜವೆಂದು ಅಧಿಕಾರಿಯೊಬ್ಬರು ನೋಡಿ ಬರೆದುಕೊಡಬೇಕಿತ್ತು. ಆ ಕೆಲಸಕ್ಕೆ ಬುಧವಾರ ಮಧ್ಯಾಹ್ನ ಜಹೀರುದ್ದೀನ ಸಾಹೇಬರು ಅಂಗಡಿಗೇ ದಯಮಾಡಿಸಿದರು. ಮೂಗಿನ ಮೇಲೆ ಮಾಸ್ಕು, ಹೆಗಲ ಮೇಲೆ ಟುವಾಲು, ಕಂಕುಳಲ್ಲಿ ಕಾಗದಗಳ ಕಟ್ಟು. ಗುರಣ್ಣ ಕುರ್ಚಿ ಹಾಕಿ, ಊರಿನ ಸುದ್ದಿ, ಸೊನ್ನ ಬ್ಯಾರೇಜಿನ ನೀರಿನ ಸುದ್ದಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದ.

"ಅದೆಲ್ಲ ಇರ್ಲಿ ಗುರಣ್ಣ. ನನ್ನ ಟುವಾಲಿನ ಅಂಚ ಬಿಚ್ಚ್ಯದ. ಒಂದು ಗೆರಿ ಹೊಲಿಗಿ ಹಾಕಿ ತೋರಸ್ರಿ, ಸಹಿ ಮಾಡಿ ಹೋಗ್ತೇನಿ," ಎಂದರು ಸಾಹೇಬರು.

"ಇಷ್ಟ ಸಣ್ಣ ಕೆಲಸಕ್ಕ ನಾ ಯಾಕ್ರಿ ಸಾಹೇಬ್ರ? ನಮ್ಮಾಕಿ ಮಾಡಿ ಕೊಡ್ತಾಳ."

ಸಾಹೇಬರು ಮಾಸ್ಕನ್ನು ಕೆಳಗೆ ಸರಿಸಿದರು. ಎಡಗಡೆ ಪೊದೆಯಂಥ ಮೀಸೆ. ಬಲಗಡೆ ಬಟಾಬಯಲು.

"ಮುಂಜಾನಿ ಹಿಂಗೇ ಅರ್ಜಿ ಹಾಕಿದ ಒಬ್ಬವ ಕಟಿಂಗ್ ಅಂಗಡಿ ನಂದೇ ಅಂದ. ಹಂಗಾರ ಮೀಸಿ ಸ್ವಲ್ಪ ಸರಿ ಮಾಡು ಅಂದೆ. ಅರ್ಧ ಹೋದ ಮ್ಯಾಲೆ ಗೊತ್ತಾತು, ಅವ ಉಳ್ಳಾಗಡ್ಡಿ ಮಾರಾವ ಅಂತ. ಮಾಸ್ಕ್ ಇತ್ತಂತ ನನ್ನ ಮರ್ಯಾದಿ ಉಳದದ. ಇನ್ನ ನಾ ಯಾರ ಮಾತೂ ನಂಬಂಗಿಲ್ಲ. ಕುಂದರ್ರಿ ಮಷಿನ್ನಿಗಿ."

ಪರದೆಯ ಹಿಂದಿದ್ದ ಮಧುಮತಿ ನಗು ತಡೆಯಲಾರದೆ ಕೆಮ್ಮಿದಳು. ಕೆಮ್ಮು ಕೇಳಿದ್ದೇ ಇಬ್ಬರು ಗಂಡಸರೂ ಎರಡೆರಡು ಹೆಜ್ಜೆ ಹಿಂದಕ್ಕೆ ಹಾರಿದರು.

ಗುರಣ್ಣ ಮಷಿನ್ನಿನ ಮುಂದೆ ಕೂತ. ತುಳಿದ, ಗಾಲಿ ಹಿಂದಕ್ಕೆ ತಿರುಗಿತು. ಮತ್ತೆ ತುಳಿದ, ದಾರ ಹರಿಯಿತು. ಹರಿದ ಸಂಗತಿ ಅವನಿಗೆ ತಿಳಿಯಲಿಲ್ಲವಾಗಿ ಟುವಾಲಿನ ಉದ್ದಕ್ಕೂ ಬಹಳ ನೇರವಾದ ಒಂದು ತೂತುಗಳ ಸಾಲು ಬಿತ್ತು.

"ದಾರ?" ಎಂದರು ಸಾಹೇಬರು.

"ಮೊದಲ ಗುರ್ತು ಹಾಕ್ಕೊಂಡೇನ್ರಿ," ಎಂದ ಗುರಣ್ಣ, ಬೆವರು ಒರೆಸಿಕೊಳ್ಳುತ್ತ.

ಸೂಜಿಗೆ ದಾರ ಪೋಣಿಸುವುದರಲ್ಲೇ ಹತ್ತು ನಿಮಿಷ ಹೋಯಿತು. ಆಮೇಲೆ ಕಣ್ಣು ಮುಚ್ಚಿ, ಘತ್ತರಗಿಯ ಭಾಗ್ಯವಂತಿ ದೇವಿಗೆ ಮನಸ್ಸಿನಲ್ಲೇ ಕೈ ಮುಗಿದು, ಬಾಗಿ ಕೂತು ಟಕಟಕ ಹೊಲಿದ. ಹೊಲಿಗೆ ಈ ಸಲ ಬಿತ್ತು! ವಿಜಯೋತ್ಸಾಹದಿಂದ ದಾರ ಕಡಿದು ಟುವಾಲನ್ನು ಸಾಹೇಬರತ್ತ ಚಾಚಿದ. ಸಾಹೇಬರು ನೋಡಲೆಂದು ಅದನ್ನು ಎಳೆದುಕೊಂಡರು. ಟುವಾಲಿನ ಹಿಂದೆಯೇ ಗುರಣ್ಣನ ತಲೆಯೂ ಬಂತು. ಕೊರಳಿನ ಟೇಪು ಟುವಾಲಿಗೆ ಸೇರಿ ಭದ್ರವಾಗಿ ಹೊಲಿದುಹೋಗಿತ್ತು.

"ಸಾವಕಾಶ ಎಳೀರಿ ಸಾಹೇಬ್ರ, ನನಗ ಇರಾವ್ರು ಒಬ್ರೇ," ಎನ್ನುತ್ತ ಮಧುಮತಿ ಕತ್ತರಿ ಹಿಡಿದು ಹೊರಗೆ ಬಂದಳು. ಗಂಡನನ್ನು ಬಿಡಿಸಿದಳು. ಹೊಲಿಗೆ ಬಿಚ್ಚಿ ಅಂಚು ಮಡಚಿ, ಸಾಹೇಬರು ಕನ್ನಡಕ ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಹೊಲಿದು ಕೊಟ್ಟಳು. ಸಾಹೇಬರು ಹೊಲಿಗೆಯ ಮೇಲೆ ಬೆರಳಾಡಿಸಿ ನೋಡಿದರು. ಹೊಸ ಅರ್ಜಿ ತೆಗೆದು ಆಕೆಯ ಹೆಸರು ಬರೆದರು.

"ಮತ್ತ ಇವರ ಉದ್ಯೋಗ ಏನಂತ ಬರೀಲಿ, ತಾಯಿ?"

ಗುರಣ್ಣ ನೆಲ ನೋಡುತ್ತಿದ್ದ. ಅಷ್ಟು ಸಪ್ಪಗಾದ ಮುಖವನ್ನು ಮಧುಮತಿ ಮದುವೆಯಾದಾಗಿನಿಂದ ನೋಡಿರಲಿಲ್ಲ. ಆಕೆಗೆ ಕನಿಕರವಾಯಿತು.

"ಅಳತಿ ತಗೊಳೂದ್ರಾಗ ಇವರನ್ನ ಮೀರಸಾವ್ರಿಲ್ರಿ. ಹಂಗ ಬರೀರಿ," ಅಂದಳು.

ಮೂರು ವಾರಕ್ಕೆ ಹಣ ಆಕೆಯ ಖಾತೆಗೆ ಬಂತು. ಬ್ಯಾಂಕಿನ ಒಳಗೆ ಖಾತೆದಾರರಿಗಷ್ಟೇ ಪ್ರವೇಶ. ಗುರಣ್ಣ ಹೊರಗೆ ಬಿಸಿಲಿನಲ್ಲಿ, ಸುಣ್ಣದಲ್ಲಿ ಬರೆದ ವೃತ್ತದೊಳಗೆ ನಿಂತ. ನಿಂತವನಿಗೆ ಸುಮ್ಮನಿರಲು ಆದೀತೇ? ಪಕ್ಕದ ವೃತ್ತದಲ್ಲಿ ಕಿರಾಣಿ ಅಂಗಡಿಯ ಇಮ್ರಾನ ನಿಂತಿದ್ದ. ಮಾತಿಗೆ ಮಾತು ಕೂಡಿ, ಮಧುಮತಿ ಹೊರಗೆ ಬರುವಷ್ಟರಲ್ಲಿ ಗುರಣ್ಣ ಹತ್ತು ಬಟ್ಟೆಯ ಕೈಚೀಲಗಳ ಆರ್ಡರ್ ಹಿಡಿದಿದ್ದ.

"ನಾಳೆ ಸಂಜಿಕ ಕೊಡ್ತೇವಂತ ಮಾತ ಕೊಟ್ಟೇನಿ!" ಎಂದ ಹೆಮ್ಮೆಯಿಂದ.

"ಚಲೋ ಆತು. ಮಾತ ಕೊಟ್ಟಾವ್ರು ನೀವು, ನೀವೇ ಹೊಲೀರಿ. ಕಾಲಿಗಿ ತ್ರಾಸಿಲ್ಲ, ಮೋಟರ್ ತರ್ತೇನಿ."

ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡ. ಮಾರನೆಯ ದಿನ ಮಷಿನ್ನಿಗೆ ಮೋಟರ್ ಬಂತು. ಮಧುಮತಿ ಹತ್ತೂ ಚೀಲಗಳ ಬಟ್ಟೆ ಕತ್ತರಿಸಿ, ಹಿಡಿಕೆ ಹಚ್ಚಿ, ಅವನ ಮುಂದಿಟ್ಟು, ತಾನು ಅಂಗಡಿಯ ಮುಂದಿನ ಕುರ್ಚಿಯಲ್ಲಿ ಚಹಾ ಹಿಡಿದು ಕೂತಳು. ಗುರಣ್ಣ ಮೋಟರಿನ ಪೆಡಲ್ ಮೇಲೆ ಕಾಲಿಟ್ಟ. ಬಟ್ಟೆ ಕೈಯಿಂದ ಓಡತೊಡಗಿತು. ಒಂದು ಬದಿ ಮುಗಿಯಿತು, ತಿರುಗಿಸಿದ. ಇನ್ನೊಂದು ಮುಗಿಯಿತು, ತಿರುಗಿಸಿದ. ಎಲ್ಲಿ ನಿಲ್ಲಿಸಬೇಕೆಂಬುದು ಮಾತ್ರ ಕೊನೆಯ ಚೀಲದವರೆಗೂ ಗೊತ್ತಾಗಲಿಲ್ಲ.

ಸಂಜೆ ಇಮ್ರಾನ ಬಂದ. ಚೀಲವೊಂದನ್ನು ಕೈಗೆತ್ತಿಕೊಂಡು, ಮೇಲೆ ಕೆಳಗೆ ಮಾಡಿ, ತಿರುಗಿಸಿ ನೋಡಿದ.

"ಹೊಲಿಗಿ ಗಟ್ಟಿ ಅದ, ಗುರಣ್ಣ. ಆದ್ರ ಇದರ ಬಾಯಿ ಎಲ್ಲದ?"

ಹತ್ತೂ ಚೀಲಗಳನ್ನು ನಾಲ್ಕೂ ಕಡೆ ಹೊಲಿದಿಟ್ಟಿದ್ದ.

"ಇವರ ಬಾಯಿ ಹೆಂಗ ಹೊಲೀಬೇಕಂತ ನಾ ಲಗ್ನ ಆದಾಗಿಂದ ವಿಚಾರ ಮಾಡಾಕತ್ತೇನಿ, ಇಮ್ರಾನ ಭಾಯ್," ಎಂದಳು ಮಧುಮತಿ, ಚಹಾದ ಕೊನೆಯ ಗುಟುಕು ಹೀರುತ್ತ. "ಇವರು ನೋಡ್ರಿ, ಒಂದೇ ದಿನಕ್ಕ ಹತ್ತು ಬಾಯಿ ಹೊಲಿದಾರ!"

ಗುರಣ್ಣ ಚೀಲಗಳ ಬಾಯಿ ಬಿಚ್ಚಲು ಕತ್ತರಿ ಕೈಗೆ ತೆಗೆದುಕೊಂಡ.