ಬೆಲ್ಟಿನ ನಡುವೆ ಒಂದು ಕಿವಿ

ಮೌರಿಸ್ ಮೆನೇಜಸ್ ಆ ಮಂಗಳವಾರ ಬೆಳಿಗ್ಗೆ ಎರಡೂ ಕಿವಿಗೆ ಬಿಸಿ ತೆಂಗಿನೆಣ್ಣೆ ಬಿಟ್ಟುಕೊಂಡದ್ದು ಒಳ್ಳೆಯ ಉದ್ದೇಶದಿಂದಲೇ. ಮದುವೆಗೆ ಹೊರಟವನು ಅಂಗಿಗೆ ಇಸ್ತ್ರಿ ಹಾಕಿಸಿಕೊಳ್ಳುವುದಿಲ್ಲವೇ, ಹಾಗೆ. ಅಂದು ಕಾರ್ಖಾನೆಯಲ್ಲಿ ಒಂದು ಪರೀಕ್ಷೆ ಇತ್ತು, ಪರೀಕ್ಷೆ ಇದ್ದದ್ದು ಅವನ ಕಿವಿಗೆ.

ಸಂತೆಕಟ್ಟೆಯಿಂದ ಹೊಳೆಯ ಕಡೆಗೆ ಇಳಿದರೆ ಸುಂದರ ಹೆಗ್ಡೆಯವರ ಹಂಚಿನ ಕಾರ್ಖಾನೆ. ಅರವತ್ತೊಂದರಲ್ಲಿ ಕರೆಂಟು ಬಂದದ್ದೇ ತಡ, ಹೆಗ್ಡೆಯವರು ಬೊಂಬಾಯಿಯಿಂದ ಒಂದು ಉದ್ದನೆಯ ಬೆಲ್ಟ್ ತರಿಸಿದರು. ಭಟ್ಟಿಯ ಬಾಗಿಲಲ್ಲಿ ಹಂಚು ಇಟ್ಟರೆ ಬೆಲ್ಟು ಅದನ್ನು ತಾನೇ ಹೊತ್ತು ಅಂಗಳದ ತುದಿಗೆ ಮುಟ್ಟಿಸುತ್ತಿತ್ತು. ಮೊದಲು ಇಪ್ಪತ್ತು ಮಂದಿ ತಲೆಯ ಮೇಲೆ ಹೊರುತ್ತಿದ್ದ ಕೆಲಸ. ಬೆಲ್ಟು ಜೋಡಿಸಲು ಬಂದ ಇಂಜಿನಿಯರು ಹೋಗುವಾಗ ಒಂದು ಮಾತು ಹೇಳಿಹೋಗಿದ್ದ. "ಯಂತ್ರ ಎಲ್ಲವನ್ನೂ ಎಳೆಯುತ್ತದೆ. ಆದರೆ ಗಟ್ಟಿ ಹಂಚನ್ನೂ ಒಡಕು ಹಂಚನ್ನೂ ಒಂದೇ ಸಂತೋಷದಿಂದ ಎಳೆಯುತ್ತದೆ. ನಡುವೆ ಒಬ್ಬ ಮನುಷ್ಯನನ್ನು ಕೂರಿಸಿ."

ಆ ಮನುಷ್ಯನೇ ಮೌರಿಸ್. ಅದಕ್ಕಿಂತ ಮೊದಲು ಹತ್ತು ವರ್ಷ ಅವನು ಗುಂಡಿಯಲ್ಲಿ ಮೊಣಕಾಲು ಮಟ್ಟ ನಿಂತು ಮಣ್ಣು ತುಳಿದವನು. ಈಗ ಬೆಲ್ಟಿನ ನಡುವೆ ಕುಳಿತು, ಎದುರಿಗೆ ಬರುವ ಪ್ರತಿಯೊಂದು ಹಂಚನ್ನೂ ಸಣ್ಣ ಮರದ ಕೊಡತಿಯಿಂದ ಬಡಿಯುತ್ತಿದ್ದ. 'ಟಣ್' ಎಂದರೆ ಗಟ್ಟಿ, ಹೋಗಲಿ. 'ದಬ್' ಎಂದರೆ ಒಳಗೆ ಬಿರುಕು, ಸೀಮೆಸುಣ್ಣದಿಂದ ಒಂದು ಗೆರೆ. ಬೆಲ್ಟಿನ ತುದಿಯಲ್ಲಿ ಗುಣವತಿ ಎಂಬ ಕೆಲಸದವಳು ಗೆರೆ ಇದ್ದದ್ದನ್ನು ಎಡಕ್ಕೂ ಇಲ್ಲದ್ದನ್ನು ಬಲಕ್ಕೂ ಪೇರಿಸುತ್ತಿದ್ದಳು. ಬಲದ್ದು ಲಾರಿಗೆ, ಎಡದ್ದು ಕಸದ ರಾಶಿಗೆ.

ಎರಡು ವರ್ಷದಲ್ಲಿ ಮೌರಿಸನ ಕಿವಿಗೆ ಊರಿನಲ್ಲಿ ಹೆಸರು ಬಂದಿತ್ತು. ಭಾನುವಾರದ ಸಂತೆಯಲ್ಲಿ ಗಡಿಗೆ ಕೊಳ್ಳುವ ಹೆಂಗಸರು ಅವನಿಂದ ತಟ್ಟಿಸಿಯೇ ಕೊಳ್ಳುತ್ತಿದ್ದರು. ತಲೆ ಓರೆ ಮಾಡಿ, ಕಣ್ಣು ಅರ್ಧ ಮುಚ್ಚಿ, ಪಾದ್ರಿಗಳು ಪಾಪನಿವೇದನೆ ಕೇಳುವಷ್ಟು ಗಂಭೀರವಾಗಿ ಅವನು ಗಡಿಗೆಯ ಮಾತು ಕೇಳುತ್ತಿದ್ದ. ಓದಿಲ್ಲ, ಗದ್ದೆಯಿಲ್ಲ, ದೊಡ್ಡ ಮನೆತನವಿಲ್ಲ. ಇದ್ದದ್ದು ಆ ಕಿವಿಯೊಂದೇ. ಪಾಪ, ಅದರ ಮೇಲೆ ಅವನಿಗೆ ಇದ್ದ ಅಭಿಮಾನವನ್ನು ತಪ್ಪೆನ್ನಲು ನನಗೆ ಮನಸ್ಸು ಬರುವುದಿಲ್ಲ.

ಕಾರ್ಕಳದಲ್ಲಿ ಹೊಸ ಶಾಲೆ ಕಟ್ಟಿಸುತ್ತಿದ್ದ ಗುತ್ತಿಗೆದಾರ ದೇವದಾಸ ಬಂಗೇರರು ಅಂದು ಹಂಚು ನೋಡಲು ಬರುವವರಿದ್ದರು. ಶನಿವಾರವೇ ಹೆಗ್ಡೆಯವರು ಹೇಳಿದ್ದರು: "ಮೌರಿಸ್, ಇದು ಒಪ್ಪಿಗೆಯಾದರೆ ಆ ಜಾಗ ನಿನಗೆ ಕಾಯಂ. ಒಂದು ಒಡಕು ಸಿಕ್ಕಿದರೂ ನೀನು ಪುನಃ ಮಣ್ಣಿನ ಗುಂಡಿಗೆ. ಬೇರೆ ಕಿವಿ ಹುಡುಕುತ್ತೇನೆ."

ಅದಕ್ಕೇ ಎಣ್ಣೆ.

ಎಣ್ಣೆ ಬಿಟ್ಟು ಅರ್ಧ ಗಂಟೆಯಾಗಿರಬಹುದು. ಅಂಗಳದ ಹುಂಜ ಕತ್ತು ಚಾಚಿ ಬಾಯಿ ತೆರೆಯಿತು, ಮುಚ್ಚಿತು. ಕೂಗು ಬರಲಿಲ್ಲ. ಹುಂಜಕ್ಕೆ ಗಂಟಲು ಕಟ್ಟಿದೆ ಎಂದುಕೊಂಡ ಮೌರಿಸ್. ಹೆಂಡತಿ ಬರ್ತಾ ಬುತ್ತಿ ಹಿಡಿದು ಬಂದು ಬಾಯಿ ಆಡಿಸಿದಳು. ಅವಳಿಗೂ ಗಂಟಲು ಕಟ್ಟಿತ್ತು. ಆಮೇಲೆ ಹೆದ್ದಾರಿಯಲ್ಲಿ ಉಡುಪಿಯ ಬಸ್ಸು ಸದ್ದಿಲ್ಲದೆ ಹಾದುಹೋದಾಗ ಅವನ ಎದೆ ಧಸಕ್ಕೆಂದಿತು. ಬಸ್ಸಿಗೆ ಗಂಟಲು ಕಟ್ಟುವುದಿಲ್ಲ.

"ಬರ್ತಾ, ನನಗೆ ಕೇಳುವುದಿಲ್ಲ!" ಎಂದು ಅವನು ಕೂಗಿದ. ಆ ಕೂಗು ಅವನೊಬ್ಬನನ್ನು ಬಿಟ್ಟು ಸುತ್ತಲಿನ ನಾಲ್ಕು ಮನೆಗೂ ಕೇಳಿಸಿತು.

ಮೊದಲು ಓಡಿಬಂದವನು ಪಕ್ಕದ ಮನೆಯ ಅಂಗಾರ. ಬಾವಿ ತೋಡುವವನಾದ್ದರಿಂದ ಎಂಥ ಆಳದಲ್ಲಿ ಏನು ಸಿಕ್ಕಿಕೊಂಡರೂ ತೆಗೆಯಬಲ್ಲೆ ಎಂಬ ಧೈರ್ಯ ಅವನಿಗಿತ್ತು. "ಎಂತ ಹೆದರುವುದು ಬರ್ತಾಬಾಯಿ? ಒಳಗಿನ ಕೊಳೆ ಎಣ್ಣೆ ಕುಡಿದು ಉಬ್ಬಿದೆ ಅಷ್ಟೆ. ಕುಲುಕಿದರೆ ಬೀಳುತ್ತದೆ" ಎಂದು ಮೌರಿಸನನ್ನು ಒಂಟಿಕಾಲಿನಲ್ಲಿ ನಿಲ್ಲಿಸಿ, ತಲೆ ಓರೆ ಮಾಡಿಸಿ, ಹಲಸಿನ ಮರಕ್ಕೆ ಮೂರು ಸುತ್ತು ಕುಪ್ಪಳಿಸುವಂತೆ ಮಾಡಿದ. ಏನೂ ಬೀಳಲಿಲ್ಲ, ಮೌರಿಸ್ ಮಾತ್ರ ಒಮ್ಮೆ ಬಿದ್ದ. ಬರ್ತಾ ಉಪ್ಪಿನ ಶಾಖ ಕೊಟ್ಟಳು. ಅಂಗಾರ ಪಪ್ಪಾಯಿ ದಂಟು ಕತ್ತರಿಸಿ ತಂದು, ಒಂದು ತುದಿ ಮೌರಿಸನ ಕಿವಿಗಿಟ್ಟು ಇನ್ನೊಂದು ತುದಿಯಿಂದ ಒಲೆ ಊದಿದ ಹಾಗೆ ಊದಿದ. ಅಲ್ಲಿಯವರೆಗೆ ದೂರದ ಮಳೆಯಂತೆ ಏನೋ ಸ್ವಲ್ಪ ಕೇಳುತ್ತಿತ್ತು. ಈಗ ಅದೂ ನಿಂತಿತು.

"ಮನೆಯಲ್ಲೇ ಇರಿ, ಜ್ವರ ಅಂತ ಹೇಳಿಕಳಿಸುವ" ಎಂದು ಬರ್ತಾ ಕೈಸನ್ನೆ ಮಾಡಿದಳು. ಮೌರಿಸ್ ಬೇಡವೆಂದು ತಲೆಯಾಡಿಸಿ ಬುತ್ತಿ ತೆಗೆದುಕೊಂಡ. ಹೋಗದಿದ್ದರೆ ಮಣ್ಣಿನ ಗುಂಡಿ ಖಂಡಿತ. ಹೋದರೆ ದೇವರ ದಯೆಗೆ ಸ್ವಲ್ಪ ಜಾಗವಾದರೂ ಇತ್ತು. ಕಳೆದುಹೋದದ್ದನ್ನು ಹುಡುಕಿಕೊಡುವ ಸಂತ ಆಂತೋನಿಗೆ ಎರಡು ಮೇಣದಬತ್ತಿಯ ಹರಕೆ ಹೇಳಿಕೊಂಡ, ಕಿವಿಗೊಂದರಂತೆ.

ಕಾರ್ಖಾನೆಯ ಸೈರನ್ ಆಗಲೇ ಕೂಗಿಯಾಗಿತ್ತು. ಬಾಗಿಲಲ್ಲೇ ಹೆಗ್ಡೆಯವರು, ಅವರ ಪಕ್ಕದಲ್ಲಿ ಛತ್ರಿ ಊರಿಕೊಂಡ ಬಂಗೇರರು. ಮೌರಿಸ್ ದಾರಿಯುದ್ದಕ್ಕೂ ಒಂದು ಉಪಾಯ ಮಾಡಿಕೊಂಡು ಬಂದಿದ್ದ. ಯಾರು ಏನು ಕೇಳಿದರೂ ತಲೆದೂಗುವುದು. ದೊಡ್ಡವರು ಹೌದು ಎನ್ನುವವನ ಹತ್ತಿರ ಎರಡನೇ ಪ್ರಶ್ನೆ ಕೇಳುವುದಿಲ್ಲ. ಅವನಿಗೆ ಕೇಳಿಸದ ಆ ಮಾತುಗಳನ್ನು ನಾವಾದರೂ ಕೇಳೋಣ.

"ಇವನೇ ನಮ್ಮ ಮೌರಿಸ್" ಎಂದರು ಹೆಗ್ಡೆಯವರು.

"ಹೌದಾ? ನನಗೆ ಸಂಜೆಯೊಳಗೆ ಎರಡು ಲಾರಿ ಹಂಚು ಬೇಕು ಮಾರಾಯ. ಬೆಲ್ಟನ್ನು ಎರಡು ಪಟ್ಟು ಜೋರಾಗಿ ಬಿಟ್ಟರೆ ನಿನ್ನಿಂದ ಆದೀತಾ?" ಎಂದರು ಬಂಗೇರರು.

ಮೌರಿಸ್ ತಲೆದೂಗಿದ.

ಹೆಗ್ಡೆಯವರು ಬೆರಗಾದರು. "ಆದೀತಾ? ನಿಜವಾಗಿಯೂ?"

ಮೌರಿಸ್ ಇನ್ನೂ ಜೋರಾಗಿ ತಲೆದೂಗಿದ.

"ನೂರರಲ್ಲಿ ಒಂದು ಒಡಕು ಸಿಕ್ಕಿದರೆ ಎರಡು ಲಾರಿಯೂ ವಾಪಸ್. ಮಕ್ಕಳ ತಲೆಯ ಮೇಲೆ ಬರುವ ಮಾಡು ಇದು. ನೀನು ಜವಾಬ್ದಾರಿ ತೆಗೆದುಕೊಳ್ಳುತ್ತೀಯಾ?" ಎಂದರು ಬಂಗೇರರು.

ಮೌರಿಸ್ ಎದೆಯ ಮೇಲೆ ಕೈಯಿಟ್ಟು, ನಸುನಕ್ಕು, ತಲೆದೂಗಿದ. ಬಂಗೇರರಿಗೆ ಅವನ ಗಾಂಭೀರ್ಯ ಬಹಳ ಹಿಡಿಸಿತು. ಹೆಚ್ಚು ಮಾತಾಡುವ ಕೆಲಸಗಾರರನ್ನು ಅವರು ಜೀವನದಲ್ಲಿ ಸಾಕಷ್ಟು ಕಂಡಿದ್ದರು.

ಬೆಲ್ಟು ಹೊರಟಿತು. ಹೊರಟ ವೇಗ ನೋಡಿ ಮೌರಿಸನಿಗೆ ತಾನು ಯಾವುದಕ್ಕೆ ತಲೆದೂಗಿದೆನೆಂದು ತಿಳಿಯಿತು. ಮೊದಲ ಹಂಚಿಗೆ ಬಡಿದ. ತಲೆದಿಂಬಿಗೆ ಬಡಿದ ಹಾಗಿತ್ತು. ಎರಡನೆಯದು, ಮೂರನೆಯದು, ಹತ್ತನೆಯದು, ಎಲ್ಲವೂ ದಿಂಬೇ. ಹತ್ತು ಹೆಜ್ಜೆ ದೂರದಲ್ಲಿ ಹೆಗ್ಡೆಯವರೂ ಬಂಗೇರರೂ ಕುರ್ಚಿ ಹಾಕಿಸಿಕೊಂಡು ಅವನನ್ನೇ ನೋಡುತ್ತಿದ್ದರು. ಮೌರಿಸ್ ತಲೆ ಓರೆ ಮಾಡಿದ, ಕಣ್ಣು ಅರ್ಧ ಮುಚ್ಚಿದ. ಸಾಮಾನ್ಯವಾಗಿ ನೂರಕ್ಕೆ ಏಳೆಂಟು ಕೆಟ್ಟದ್ದು ಇರುತ್ತದೆ ಎಂಬ ಲೆಕ್ಕ ನೆನಪಿತ್ತು. ಆ ಲೆಕ್ಕಕ್ಕೆ ಸರಿಯಾಗಿ, ಮನಸ್ಸಿಗೆ ಬಂದಲ್ಲಿ ಒಂದೊಂದು ಗೆರೆ ಎಳೆಯತೊಡಗಿದ. ಕೆಲವಕ್ಕೆ ಬಣ್ಣ ನೋಡಿ ಎಳೆದ, ಕೆಲವಕ್ಕೆ ಆಂತೋನಿಯನ್ನು ನೆನೆದು ಎಳೆದ. ಬೆಲ್ಟು ನಿಲ್ಲಿಸುವ ಹಗ್ಗ ಅವನ ಬಲಗೈಯ ಪಕ್ಕದಲ್ಲೇ ತೂಗುತ್ತಿತ್ತು. ಎಳೆದು ಎದ್ದು ನಿಂತು ಸತ್ಯ ಹೇಳಿಬಿಡಬೇಕೆಂದು ನಾಲ್ಕು ಬಾರಿ ಕೈ ಹೋಯಿತು. ನಾಲ್ಕು ಬಾರಿಯೂ ಮಣ್ಣಿನ ಗುಂಡಿ ಕಣ್ಣ ಮುಂದೆ ಬಂದು ಕೈ ಹಿಂದೆ ಬಂತು.

ಸಂಜೆ ಬಂಗೇರರು ಬಲಗಡೆಯ ಅಟ್ಟಿಯಿಂದ ಅಲ್ಲೊಂದು ಇಲ್ಲೊಂದು ಎಂದು ನೂರು ಹಂಚು ತೆಗೆಸಿ ತಾವೇ ಬಡಿದರು. ಒಂದೂ ಒಡಕಿಲ್ಲ. ನಂಬಿಕೆ ಬಾರದೆ ಎಡಗಡೆಯಿಂದ ಇಪ್ಪತ್ತು ಬಡಿದರು. ಇಪ್ಪತ್ತೂ ಒಡಕು. ಅವರು ಮೌರಿಸನ ಬೆನ್ನು ತಟ್ಟಿ, ಕಾಗದ ತೆಗೆದು ಏನೋ ಬರೆದು, ರುಜು ಹಾಕಿ ಹೆಗ್ಡೆಯವರ ಕೈಗೆ ಕೊಟ್ಟು ಲಾರಿ ಹತ್ತಿದರು.

ಮೌರಿಸ್ ಮರದ ಬೊಂಬೆಯಂತೆ ನಿಂತಿದ್ದ. ಇದು ಪವಾಡವಲ್ಲದೆ ಮತ್ತೇನು? ಮೇಣದಬತ್ತಿ ಎರಡಲ್ಲ, ಹನ್ನೆರಡು ಎಂದು ತೀರ್ಮಾನಿಸುವಷ್ಟರಲ್ಲಿ ಲಾರಿ ಎಬ್ಬಿಸಿದ ಧೂಳು ಮೂಗಿಗೆ ಹೋಗಿ ಒಂದು ಭಾರೀ ಸೀನು ಬಂತು. ಬಲಗಿವಿ ಪಟ್ಟನೆ ಬಿಟ್ಟುಕೊಂಡಿತು.

ಮೊದಲು ಕೇಳಿಸಿದ್ದು ಬೆಲ್ಟಿನ ತುದಿಯ ಸದ್ದು. ಗುಣವತಿ ಉಳಿದ ಹಂಚು ಪೇರಿಸುತ್ತಿದ್ದಳು. ಒಂದರ ಮೇಲೊಂದು ಇಡುವಾಗ ಹಂಚಿಗೆ ಹಂಚು ತಾಗಿ ಟಣ್, ಟಣ್, ಟಣ್ ಎನ್ನುತ್ತಿತ್ತು. ನಡುವೆ ಒಂದು 'ದಬ್' ಬಂತು. ಅವಳು ಆ ಗೆರೆಯಿಲ್ಲದ ಹಂಚನ್ನು ಎಡಕ್ಕೆ ಹಾಕಿ ಅದಕ್ಕೆ ತಾನೇ ಗೆರೆ ಎಳೆದಳು. ಮುಂದೆ ಗೆರೆಯಿದ್ದ ಒಂದು 'ಟಣ್' ಎಂದಿತು. ಅಂಗೈಯಿಂದ ಗೆರೆ ಒರೆಸಿ ಬಲಕ್ಕೆ ಇಟ್ಟಳು. ಅವಳ ಅಂಗೈ, ಸೀರೆಯ ಸೆರಗು, ಕೆನ್ನೆ ಎಲ್ಲ ಸೀಮೆಸುಣ್ಣ.

ಮೌರಿಸ್ ಹತ್ತಿರ ಹೋದ. "ಗುಣವತಿ, ಇದು ಎಂತ?"

"ಇವತ್ತು ಸ್ವಲ್ಪ ಜಾಸ್ತಿ ಆಯಿತು ಪೊರ್ಬುಗಳೇ" ಎಂದಳು ಅವಳು, ತುಳುವರು ಕ್ರಿಸ್ತುವರನ್ನು ಮರ್ಯಾದೆಯಿಂದ ಕರೆಯುವಂತೆ. "ನಿಮಗೆ ಹುಷಾರಿಲ್ಲ ಅಂತ ಬೆಳಿಗ್ಗೆಯೇ ಗೊತ್ತಾಯಿತು."

"ಬಾಕಿ ದಿನ?"

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. "ಬಾಕಿ ದಿನ ನೂರಕ್ಕೆ ಮೂರೋ ನಾಲ್ಕೋ. ಹೇಳಿದರೆ ನೀವು ಬೇಜಾರು ಮಾಡುತ್ತೀರಿ ಅಂತ ಸುಮ್ಮನಿದ್ದೆ. ಒಡಕು ಹೋದರೆ ಯಾರದ್ದೋ ಮನೆ ಸೋರುತ್ತದೆ ಅಲ್ವಾ?"

ಎರಡು ವರ್ಷದ ಸಂತೆ, ತಟ್ಟಿಕೊಟ್ಟ ಗಡಿಗೆಗಳು, ಹೆಂಗಸರ ನಂಬಿಕೆ, ಎಲ್ಲ ಒಮ್ಮೆಗೇ ಮೌರಿಸನ ತಲೆಯ ಮೇಲೆ ಬಿದ್ದ ಹಾಗಾಯಿತು. ಅವನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ.

ಅಷ್ಟರಲ್ಲಿ ಹೆಗ್ಡೆಯವರು ಮುಖ ಅರಳಿಸಿಕೊಂಡು ಬಂದರು. "ಮೌರಿಸ್, ಜಾಗ ನಿನಗೆ ಕಾಯಂ! ನಿನ್ನಂಥವನು ನಡುವೆ ಇರುವಾಗ ತುದಿಯಲ್ಲಿ ಮನುಷ್ಯರು ಯಾಕೆ? ಇಂಜಿನಿಯರು ಒಂದು ಜಾರುಹಲಗೆ ಕಳಿಸುತ್ತೇನೆ ಎಂದಿದ್ದಾನೆ. ಒಡಕು ಹಂಚನ್ನು ನೀನೇ ತೆಗೆದಿಟ್ಟರೆ ಉಳಿದದ್ದು ತಾನಾಗಿಯೇ ಲಾರಿಗೆ ಜಾರುತ್ತದೆ. ಗುಣವತಿ, ನಾಳೆಯಿಂದ ನೀನು ಬರುವುದು ಬೇಡ."

ಗುಣವತಿ ಕೈಯಲ್ಲಿದ್ದ ಹಂಚನ್ನು ನಿಧಾನವಾಗಿ ಕೆಳಗಿಟ್ಟಳು. ಅವಳ ಮುಖ ನೋಡಲು ಮೌರಿಸನಿಂದ ಆಗಲಿಲ್ಲ. ಅವನು ಎದ್ದ. ಮಣ್ಣಿನ ಗುಂಡಿ ಈಗಲೂ ಕಣ್ಣ ಮುಂದೆ ಬಂತು, ಆದರೆ ಬಾಯಿ ನಿಲ್ಲಲಿಲ್ಲ.

"ಧನಿಗಳೇ, ನನಗೆ ಇವತ್ತು ಬೆಳಿಗ್ಗೆಯಿಂದ ಏನೂ ಕೇಳಲಿಲ್ಲ. ಕಿವಿ ಕಟ್ಟಿತ್ತು. ಗೆರೆ ಎಳೆದದ್ದೆಲ್ಲ ಕಣ್ಣು ಮುಚ್ಚಿ ಎಳೆದದ್ದು. ಒರೆಸಿ ಸರಿ ಮಾಡಿದ್ದು ಇವಳು. ಇವತ್ತು ಮಾತ್ರವಲ್ಲ, ಎರಡು ವರ್ಷದಿಂದ. ನನ್ನನ್ನು ಗುಂಡಿಗೆ ಕಳಿಸಿ, ಇವಳನ್ನು ನಡುವೆ ಕೂರಿಸಿ."

ಹೆಗ್ಡೆಯವರು ಗುಣವತಿಯ ಬಿಳಿ ಅಂಗೈ ನೋಡಿದರು. ಕೊನೆಗೆ ಜೇಬಿನಿಂದ ಬಂಗೇರರ ಕಾಗದ ತೆಗೆದು ಓದಿದರು: "'ಇನ್ನು ಮುಂದೆ ನಮ್ಮ ಎಲ್ಲ ಕಟ್ಟಡಗಳಿಗೂ ಮೌರಿಸ್ ಮೆನೇಜಸ್ ಬಡಿದು ನೋಡಿದ ಹಂಚು ಮಾತ್ರ ಕಳಿಸತಕ್ಕದ್ದು. ಬೇರೆಯವರು ಬಡಿದದ್ದು ಬೇಡ.' ಕೇಳಿಸಿತಾ? ಗಿರಾಕಿ ನಂಬಿದ್ದು ನಿನ್ನ ಮುಖವನ್ನು. ನೀನು ಎಲ್ಲಿಗೂ ಹೋಗುವ ಹಾಗಿಲ್ಲ. ಗುಣವತಿಯೂ ಹೋಗುವುದು ಬೇಡ. ಕೂರುವುದು ನಿನ್ನ ಕೆಲಸ, ಕೇಳುವುದು ಅವಳ ಕೆಲಸ."

"ಹಾಗಾದರೆ ಧನಿಗಳೇ, ನನಗೂ ಒಂದು ಸ್ಟೂಲು ಕೊಡಿಸಿ" ಎಂದಳು ಗುಣವತಿ. "ಎರಡು ವರ್ಷ ನಿಂತುಕೊಂಡೇ ಕೇಳಿದ್ದೇನೆ."

ಸ್ಟೂಲು ಮರುದಿನವೇ ಬಂತು. ಬೆಲ್ಟಿನ ವೇಗ ಇಳಿಸಲಿಲ್ಲ, ಮೌರಿಸ್ ತಾನೇ ತಲೆದೂಗಿ ಒಪ್ಪಿದ್ದನಲ್ಲ. ಅಷ್ಟರಲ್ಲಿ ಅವನ ಎಡಗಿವಿಯೂ ಬಿಟ್ಟಿತ್ತು. ಎರಡೂ ಕಿವಿ ಹಿಂದೆಂದಿಗಿಂತ ಚುರುಕಾಗಿದ್ದವು. ಇವತ್ತು ಒಂದೂ ತಪ್ಪಬಾರದು, ಅವಳು ಅಂಗೈ ಎತ್ತುವ ಹಾಗಾಗಬಾರದು ಎಂದು ಪಣತೊಟ್ಟು ಅವನು ಮೊದಲ ಹಂಚಿಗೆ ಬಡಿದ. ತಲೆ ಓರೆ ಮಾಡಿ ಕೇಳಿದ. ಸಂದೇಹವೇ ಇಲ್ಲ, 'ಟಣ್'. ಗೆರೆ ಎಳೆಯದೆ ಬಿಟ್ಟ.

ಹಂಚು ಸಾಗಿ ತುದಿ ಮುಟ್ಟಿತು. ಗುಣವತಿ ಅದನ್ನು ಇನ್ನೊಂದಕ್ಕೆ ತಾಗಿಸಿ, ಅವನ ಕಡೆ ನೋಡದೆ, ಎಡಕ್ಕೆ ಇಟ್ಟಳು.